ಪಾದ್ರಿ ಆಗಲೋ, ಸಿಸ್ಟರ್ ಆಗಲೋ ಎಂದು ಯೋಚಿಸುವ ಕಾಲೇಜು ಮಕ್ಕಳಿಗೆ ಜೊತೆಯಾಗುವುದು ಹೇಗೆ

ಬಿ.ಕಾಂ. ಎರಡನೇ ವರ್ಷದ ಹುಡುಗ ಭಾನುವಾರದ ಪೂಜೆ ಮುಗಿದ ಮೇಲೂ ಮನೆಗೆ ಹೋಗದೆ ಬೆಂಚು ಸರಿಮಾಡುತ್ತಾ ನಿಂತಿರುತ್ತಾನೆ. ಎಲ್ಲರೂ ಹೊರಗೆ ಹೋದ ಮೇಲೆ, "ಸರ್, ಸೆಮಿನರಿಗೆ ಹೋಗಲಿಕ್ಕೆ ಡಿಗ್ರಿ ಮುಗಿಸಲೇಬೇಕಾ?" ಎಂದು ಕೇಳುತ್ತಾನೆ. ಸೆಮಿನರಿ ಎಂದರೆ ಪಾದ್ರಿಯಾಗಲು ಓದುವ ಗುರುಮಠ. ಹುಡುಗಿಯಾದರೆ ಅಷ್ಟೂ ಬಾಯಿ ಬಿಡುವುದಿಲ್ಲ. ಕಾನ್ವೆಂಟಿನಲ್ಲಿ ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾರೆ, ರಜೆಗೆ ಮನೆಗೆ ಬಿಡುತ್ತಾರಾ ಎಂದು ವಿಚಾರಿಸಿ ಸುಮ್ಮನಾಗುತ್ತಾಳೆ. ಕ್ಯಾಥೋಲಿಕ್ ಸಭೆಯ ಕಾರವಾರ ಧರ್ಮಪ್ರಾಂತ್ಯದ (ಒಬ್ಬ ಬಿಷಪ್ ನೋಡಿಕೊಳ್ಳುವ ಸೀಮೆ) ಇಗರ್ಜಿಗಳಲ್ಲಿ ಯುವಕರ ಸಂಘ ನಡೆಸುವವರು, ಧರ್ಮೋಪದೇಶ ಕಲಿಸುವವರು, ಕಾಲೇಜಿನಲ್ಲಿ ಪಾಠ ಮಾಡುವವರು ಇಂಥ ಪ್ರಶ್ನೆಗೆ ಸಿದ್ಧರಾಗಿರಬೇಕು. ಕೊಂಕಣಿಯಲ್ಲಿ ಆಪವ್ಣೆಂ, ಕನ್ನಡದಲ್ಲಿ ದೈವಕರೆ ಎನ್ನುವ ಈ ವಿಷಯದಲ್ಲಿ ಮೊದಲ ಒಂದು ವರ್ಷ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಬೈಬಲಿನಲ್ಲಿ ಇದಕ್ಕೆ ಒಳ್ಳೆಯ ಮಾದರಿ ಇದೆ: ಸಮುವೇಲನ ಮೊದಲ ಗ್ರಂಥ, 3ನೇ ಅಧ್ಯಾಯ. ರಾತ್ರಿ ಮಲಗಿದ್ದ ಹುಡುಗನಿಗೆ ಯಾರೋ ಕರೆದಂತಾಗುತ್ತದೆ. ಎದ್ದು ಮುದುಕ ಏಲಿಯ ಹತ್ತಿರ ಓಡುತ್ತಾನೆ. ನಾನು ಕರೆಯಲಿಲ್ಲ, ಹೋಗಿ ಮಲಗು ಎಂದು ಏಲಿ ಎರಡು ಸಲ ವಾಪಸು ಕಳಿಸುತ್ತಾನೆ. ಕರೆಯುತ್ತಿರುವವನು ದೇವರು ಎಂದು ಏಲಿಗೆ ಹೊಳೆಯುವುದು ಮೂರನೇ ಸಲ. ಆಗಲೂ ಅವನು ದೇವರ ಪರವಾಗಿ ತಾನೇ ಉತ್ತರ ಕೊಡುವುದಿಲ್ಲ, ಹುಡುಗನ ಕೈ ಹಿಡಿದು ಎಳೆದುಕೊಂಡೂ ಹೋಗುವುದಿಲ್ಲ. ಮತ್ತೆ ಕರೆ ಬಂದರೆ ಹೀಗೆ ಹೇಳು ಎಂದು ಕಲಿಸಿ, ಮಲಗಲು ಕಳಿಸುತ್ತಾನೆ. ಜೊತೆಗಾರರಾಗುವವರು ವರ್ಷಕ್ಕೊಮ್ಮೆಯಾದರೂ ಈ ಅಧ್ಯಾಯವನ್ನು ಓದಿಕೊಳ್ಳಬೇಕು. ನಮ್ಮಲ್ಲಿ ಆಗುವ ಹೆಚ್ಚಿನ ತಪ್ಪುಗಳು ಏಲಿಗಿಂತ ಅವಸರ ಮಾಡಿದ್ದರಿಂದ ಆದವು.

ಮೊದಲ ಮಾತು

ಪ್ರಶ್ನೆ ಕೇಳಿದ ದಿನ "ಓಹೋ, ಒಳ್ಳೆಯದಾಯ್ತು!" ಎಂದು ಬೆನ್ನು ತಟ್ಟಬೇಡಿ. "ಡಿಗ್ರಿ ಮುಗಿಸು, ಆಮೇಲೆ ನೋಡುವ" ಎಂದು ತಳ್ಳಿಹಾಕಲೂ ಬೇಡಿ. ಕೇಳಿದ ಪ್ರಶ್ನೆಗೆ ನೇರ ಉತ್ತರ ಕೊಡಿ, ಆಮೇಲೆ ಮೂರು ಪ್ರಶ್ನೆ ಕೇಳಿ: ಈ ಯೋಚನೆ ಯಾವಾಗಿನಿಂದ ಇದೆ? ಯಾವ ಹೊತ್ತಿನಲ್ಲಿ ಬರುತ್ತದೆ? ಬಂದಾಗ ಮನಸ್ಸಿಗೆ ಹೇಗಾಗುತ್ತದೆ? ಉತ್ತರ ಬರುವವರೆಗೆ ನೀವು ಸುಮ್ಮನಿರಿ. ಕಾಲೇಜು ಮಕ್ಕಳಿಗೆ ಇದನ್ನು ಹೇಳಲು ಮಾತೇ ಇರುವುದಿಲ್ಲ. ಮೂರು ನಿಮಿಷ ಮೌನವಾಗಿದ್ದರೆ ನಾಲ್ಕನೆಯದರಲ್ಲಿ ನಿಜವಾದ ಮಾತು ಬರುತ್ತದೆ.

ಎರಡು ವಾರ ಬಿಟ್ಟು ಮತ್ತೆ ಭೇಟಿಯಾಗುವ ದಿನ ಗೊತ್ತು ಮಾಡಿ. ಅಲ್ಲಿಯವರೆಗೆ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಿ, ಕೊಟ್ಟ ಮಾತು ಉಳಿಸಿಕೊಳ್ಳಿ. ಊರ ಫೆಸ್ತಿನ (ಇಗರ್ಜಿ ಹಬ್ಬದ) ಊಟದ ಪಂಕ್ತಿಯಲ್ಲಿ "ನಮ್ಮ ಮುಂದಿನ ಪಾದ್ರಿ ಇವನೇ ನೋಡಿ" ಎಂದು ಯಾರಾದರೂ ಹೇಳಿದರೆ ಮುಗಿಯಿತು. ನಾಚಿಕೆಯ ಹುಡುಗ ಅಂದಿನಿಂದ ಇಗರ್ಜಿಯ ಹಿಂದಿನ ಸಾಲಿಗೆ ಹೋಗುತ್ತಾನೆ. ಹುಮ್ಮಸ್ಸಿನ ಹುಡುಗನ ಪಾಡು ಇನ್ನೂ ಕಷ್ಟ. ಊರೆಲ್ಲ ಹೇಳಿಬಿಟ್ಟಿದ್ದಾರೆ, ಈಗ ಬೇಡ ಎನ್ನುವುದು ಹೇಗೆ ಎಂಬ ಸಂಕೋಚದಲ್ಲೇ ಅವನು ಸೆಮಿನರಿ ಸೇರುತ್ತಾನೆ. ಪಾಸ್ಕ (ಈಸ್ಟರ್) ಕಾಲದ ನಾಲ್ಕನೇ ಭಾನುವಾರ ದೈವಕರೆಗಾಗಿ ಪ್ರಾರ್ಥಿಸುವ ದಿನ. 1964ರಿಂದ ಲೋಕದಾದ್ಯಂತ ನಡೆದು ಬಂದಿದೆ. ಅಂದು ಪ್ರಾರ್ಥಿಸಿ, ಪ್ರಸಂಗದಲ್ಲಿ ವಿಷಯ ತನ್ನಿ. ಆದರೆ ಆಸಕ್ತಿ ಇರುವವರು ಎದ್ದು ನಿಲ್ಲಿ ಎಂದು ಪೀಠದಿಂದ ಕೇಳಬೇಡಿ.

ಪಿಯುಸಿ ಮಕ್ಕಳು ಹದಿನೆಂಟು ತುಂಬದವರು. ಅವರ ಜೊತೆ ಮಾತಾಡುವುದು ತಂದೆತಾಯಿಗೆ ತಿಳಿದಿರಬೇಕು. ದೊಡ್ಡ ಮಕ್ಕಳಿಗೂ ಅನ್ವಯಿಸುವ ನಿಯಮಗಳು ಇವು: ಮಾತುಕತೆ ಇಗರ್ಜಿಯ ಜಗಲಿಯಲ್ಲೋ ಬಾಗಿಲು ತೆರೆದ ಕೋಣೆಯಲ್ಲೋ ಆಗಲಿ, ರಾತ್ರಿ ಒಂಬತ್ತರ ಮೇಲೆ ಮೆಸೇಜು ಬೇಡ, ಶಿಬಿರದಲ್ಲಿ ಹುಡುಗ ಹುಡುಗಿಯರ ವಸತಿ ಬೇರೆ ಕಟ್ಟಡದಲ್ಲಿರಲಿ, ಹುಡುಗಿಯರ ಜೊತೆ ಒಬ್ಬ ಸಿಸ್ಟರ್ ಇಲ್ಲವೆ ಹಿರಿಯ ಹೆಂಗಸು ಇರಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಎರಡು ಕೆಲಸ, ಇಬ್ಬರು ಜನ

ಮನಸ್ಸಿನ ಮಾತು ಕೇಳುವವರೇ ಶಿಫಾರಸು ಪತ್ರ ಬರೆಯಬಾರದು. ಸೆಮಿನರಿಗಳಿಗೆ ಈ ನಿಯಮ ಕಡ್ಡಾಯ. ಒಬ್ಬ ವಿದ್ಯಾರ್ಥಿಗೆ ದೀಕ್ಷೆ ಕೊಡಬೇಕೋ, ಅವನನ್ನು ಸೆಮಿನರಿಯಿಂದ ಕಳಿಸಬೇಕೋ ಎಂದು ತೀರ್ಮಾನಿಸುವಾಗ ಅವನ ಆಧ್ಯಾತ್ಮಿಕ ಗುರುವಿನ ಅಭಿಪ್ರಾಯವನ್ನಾಗಲಿ, ಪಾಪನಿವೇದನೆ ಕೇಳಿದವರ ಅಭಿಪ್ರಾಯವನ್ನಾಗಲಿ ಕೇಳಲೇಬಾರದು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 240ನೇ ಕಲಮು ಹೇಳುತ್ತದೆ. ಇಗರ್ಜಿಯ ಮಟ್ಟದಲ್ಲೂ ಅದೇ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು. ಪತ್ರ ಬರೆಯಬೇಕಾದವರು ಧರ್ಮಕೇಂದ್ರದ, ಅಂದರೆ ಆ ಊರಿನ ಇಗರ್ಜಿಯ, ಪಾದ್ರಿಗಳು. ಮನಸ್ಸಿನ ಮಾತಿಗೆ ಬೇರೆ ಊರಿನ ಒಬ್ಬ ಪಾದ್ರಿಯೋ ಸಿಸ್ಟರೋ ನಂಬಿಕಸ್ಥ ಹಿರಿಯರೋ ಇರಲಿ. ಕುಮಟಾದ ಹುಡುಗನಿಗೆ ಹೊನ್ನಾವರದವರು, ಶಿರಸಿಯವನಿಗೆ ಯಲ್ಲಾಪುರದವರು ಆಗಬಹುದು. ಒಬ್ಬರೇ ಎರಡೂ ಮಾಡಿದರೆ ಏನಾಗುತ್ತದೆ? ಹುಡುಗ ತನ್ನ ಅನುಮಾನ ಮುಚ್ಚಿಟ್ಟು, ಪತ್ರಕ್ಕೆ ಒಪ್ಪುವ ಮಾತು ಮಾತ್ರ ಆಡಲು ಕಲಿಯುತ್ತಾನೆ. ಮುಚ್ಚಿಟ್ಟ ಅನುಮಾನ ಐದಾರು ವರ್ಷದ ಮೇಲೆ ದೇವಶಾಸ್ತ್ರದ ತರಗತಿಯಲ್ಲಿ ಎದ್ದು ಬರುತ್ತದೆ. ಆಗ ಅದರ ನೋವು ಹತ್ತುಪಟ್ಟು.

ತಿಂಗಳಿಗೊಮ್ಮೆ ಮುಕ್ಕಾಲು ಗಂಟೆಯ ಭೇಟಿ ಸಾಕು. ವಾರಕ್ಕೊಮ್ಮೆ ಆದರೆ ಹುಡುಗ ನಿಮ್ಮನ್ನೇ ಆತುಕೊಳ್ಳುತ್ತಾನೆ. ಮೂರು ತಿಂಗಳಿಗೊಮ್ಮೆ ಆದರೆ ಹಿಂದಿನ ಮಾತು ಮರೆತಿರುತ್ತದೆ.

ವರ್ಷಗಳ ಲೆಕ್ಕವನ್ನು ಕಾಗದದ ಮೇಲೆ ತೋರಿಸಿ

ಎಷ್ಟು ವರ್ಷ ಹಿಡಿಯುತ್ತದೆ ಎಂಬುದು ಹೆಚ್ಚಿನ ಮಕ್ಕಳಿಗೆ ಗೊತ್ತಿಲ್ಲ. ಡಿಗ್ರಿಯ ಮೇಲೆ ಬಿ.ಎಡ್. ಮಾಡಿದ ಹಾಗೆ ಎಂದುಕೊಂಡಿರುತ್ತಾರೆ. ಎದುರು ಕೂರಿಸಿ ಬರೆದು ತೋರಿಸಿ. 21ಕ್ಕೆ ಡಿಗ್ರಿ ಮುಗಿಯಿತು ಎನ್ನಿ. ಪೂರ್ವಸಿದ್ಧತೆ ಕನಿಷ್ಠ ಒಂದು ವರ್ಷ (ರೋಮಿನ 2016ರ ತರಬೇತಿ ನಿಯಮದ ಪ್ರಕಾರ ಎರಡು ವರ್ಷ ಮೀರುವಂತಿಲ್ಲ), ತತ್ವಶಾಸ್ತ್ರ ಎರಡು ವರ್ಷ, ಸಾಮಾನ್ಯವಾಗಿ ಒಂದು ವರ್ಷ ಯಾವುದಾದರೂ ಧರ್ಮಕೇಂದ್ರದಲ್ಲೋ ಶಾಲೆಯಲ್ಲೋ ಕೆಲಸ, ದೇವಶಾಸ್ತ್ರ ನಾಲ್ಕು ವರ್ಷ. ಅಲ್ಲಿಗೆ 29. ಡೀಕನ್ ದೀಕ್ಷೆಗೂ (ಪಾದ್ರಿಯಾಗುವ ಮೊದಲಿನ ಮೆಟ್ಟಿಲು) ಗುರುದೀಕ್ಷೆಗೂ ನಡುವೆ ಕನಿಷ್ಠ ಆರು ತಿಂಗಳ ಅಂತರ ಬೇಕು. ಗುರುದೀಕ್ಷೆಗೆ 25 ವರ್ಷ ತುಂಬಿರಲೇಬೇಕು ಎಂಬ ನಿಯಮವಿದ್ದರೂ ಡಿಗ್ರಿ ಮುಗಿಸಿ ಹೋಗುವವರಿಗೆ ಅದು ತಡೆಯಾಗುವುದಿಲ್ಲ. ಮೂವತ್ತರ ಹತ್ತಿರ ಪಾದ್ರಿಯಾಗುವುದು ಎಂದು ನೇರವಾಗಿ ಹೇಳಿಬಿಡಿ. ಅಷ್ಟರಲ್ಲಿ ಅವನ ಕ್ಲಾಸಿನವರಿಗೆ ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ಇದನ್ನೂ ಹೇಳಿ.

ಸಿಸ್ಟರ್ ಆಗುವ ದಾರಿ ಬೇರೆ. ನೊವಿಶಿಯೇಟ್ (ವ್ರತಕ್ಕೆ ಮೊದಲಿನ ತರಬೇತಿ) ಸೇರಲು 17 ವರ್ಷ ತುಂಬಿರಬೇಕು. ಅದಕ್ಕೂ ಮೊದಲು ಒಂದೆರಡು ವರ್ಷದ ಪರಿಚಯದ ಅವಧಿಯನ್ನು ಸನ್ಯಾಸಿನಿಯರ ಸಂಸ್ಥೆಗಳು ತಮ್ಮ ತಮ್ಮ ನಿಯಮದಂತೆ ಇಟ್ಟುಕೊಂಡಿವೆ. ನೊವಿಶಿಯೇಟ್ ಕನಿಷ್ಠ ಹನ್ನೆರಡು ತಿಂಗಳು, ಹೆಚ್ಚೆಂದರೆ ಎರಡು ವರ್ಷ. ಆಮೇಲೆ ತಾತ್ಕಾಲಿಕ ವ್ರತ ಮೂರರಿಂದ ಆರು ವರ್ಷ, ಅಗತ್ಯಬಿದ್ದರೆ ಒಂಬತ್ತರವರೆಗೆ. ಆಮೇಲಷ್ಟೇ ಕಡೆಯ ವ್ರತ. ಈ ಉದ್ದ ಅವಧಿ ಇರುವುದು ಶಿಕ್ಷೆಗಲ್ಲ, ಹಿಂದೆ ಸರಿಯಲು ಬಾಗಿಲು ತೆರೆದಿಡಲು. ತಾತ್ಕಾಲಿಕ ವ್ರತದ ಅವಧಿ ಮುಗಿದಾಗ ಹೊರಡುವುದು ಅವಳ ಹಕ್ಕು. ತಾಯಂದಿರಿಗೆ ಈ ಒಂದು ವಿಷಯ ತಿಳಿದರೆ ಅರ್ಧ ಭಯ ಹೋಗುತ್ತದೆ.

ಧರ್ಮಪ್ರಾಂತ್ಯದ ಪಾದ್ರಿಗೂ ಸನ್ಯಾಸಿ ಸಂಸ್ಥೆಯ ಪಾದ್ರಿಗೂ ಇರುವ ವ್ಯತ್ಯಾಸವನ್ನು ಹೇಳದೆ ಬಿಡಬೇಡಿ. ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಬೆಳಗಾವಿಯಿಂದ ಬೇರೆಯಾಯಿತು. ಅದರ ಸೀಮೆ ಉತ್ತರ ಕನ್ನಡ ಜಿಲ್ಲೆ. ಅದರ ಪಾದ್ರಿಯಾದರೆ ಜೀವನವೆಲ್ಲ ಇದೇ ಜಿಲ್ಲೆಯಲ್ಲಿ, ಇಂದು ಅಂಕೋಲಾ, ನಾಲ್ಕಾರು ವರ್ಷದ ಮೇಲೆ ಮುಂಡಗೋಡ. ಬಿಷಪ್‌ಗೆ ವಿಧೇಯತೆ, ಬ್ರಹ್ಮಚರ್ಯ ಎರಡನ್ನೂ ಪಾಲಿಸುವೆನೆಂದು ಮಾತು ಕೊಡಬೇಕು. ಬಡತನದ ವ್ರತ ಇಲ್ಲ, ಕೈಖರ್ಚಿನ ಹಣ ತನ್ನದೇ ಇರುತ್ತದೆ. ಸಂಸ್ಥೆ ಸೇರಿದರೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಮೂರೂ ವ್ರತ. ಕಳಿಸಿದ ಕಡೆ, ಅದು ಜಾರ್ಖಂಡ್ ಇರಲಿ ಆಫ್ರಿಕಾ ಇರಲಿ, ಹೋಗಬೇಕು. ಗಡಿಯಾಚೆ ಗೋವಾದ ಕಾಣಕೋಣದ ಅಗೊಂದದಲ್ಲಿ 1887ರಲ್ಲಿ ಹುಟ್ಟಿದ ಪಿಲಾರ್ ಸಂಸ್ಥೆಯವರು, ಮುಂಡಗೋಡಿನಲ್ಲಿ ಕೆಲಸ ಮಾಡುವ ಯೇಸು ಸಭೆಯವರು (ಜೆಸುಯಿಟರು) ನಮ್ಮ ಮಕ್ಕಳಿಗೆ ಹತ್ತಿರದ ಉದಾಹರಣೆಗಳು. ಸಿಸ್ಟರುಗಳಲ್ಲಂತೂ ಶಾಲೆ, ಆಸ್ಪತ್ರೆ, ಸಿದ್ದಿ ಜನರ ಕೇರಿಗಳಲ್ಲಿ ಸಂಘಟನೆ ಎಂದು ಒಂದೊಂದು ಸಂಸ್ಥೆಗೆ ಒಂದೊಂದು ದಾರಿ. ಕನಿಷ್ಠ ಮೂರು ಕಡೆ ಹೋಗಿ ನೋಡದೆ ಯಾವುದಕ್ಕೂ ಹೆಸರು ಕೊಡಲು ಬಿಡಬೇಡಿ. ಮೊದಲು ನೋಡಿದ್ದೇ ಚೆಂದ ಕಾಣುವ ವಯಸ್ಸು ಅದು.

ಸಿ.ಎಸ್.ಐ. (ಪ್ರೊಟೆಸ್ಟೆಂಟರ ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಮಕ್ಕಳ ದಾರಿ ಪೂರ್ತಿ ಬೇರೆ. ಅಲ್ಲಿ ಸಭಾಪಾಲಕರು ಮದುವೆಯಾಗಬಹುದು, ಹೆಣ್ಣುಮಕ್ಕಳಿಗೂ ದೀಕ್ಷೆ ಇದೆ. ಶೆರಾಂಪುರ ವಿಶ್ವವಿದ್ಯಾಲಯದ ಅಡಿಯ ಬಿ.ಡಿ. ಎಂಬ ದೇವಶಾಸ್ತ್ರದ ಪದವಿಗೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಇವೆ. ಕಳಿಸುವುದು ಅವರ ಸಭೆ ಮತ್ತು ಧಾರವಾಡದ ಧರ್ಮಪ್ರಾಂತ್ಯ. ಆದ್ದರಿಂದ ಮೊದಲ ಮಾತು ತಮ್ಮ ಸಭಾಪಾಲಕರ ಹತ್ತಿರವೇ ಆಗಬೇಕು.

ದಿನಕ್ಕೆ ಇಪ್ಪತ್ತೈದು ನಿಮಿಷ

ಬೆಳಿಗ್ಗೆ ಹದಿನೈದು, ರಾತ್ರಿ ಹತ್ತು. ಬೆಳಿಗ್ಗೆ ಆ ದಿನದ ಶುಭಸಂದೇಶವನ್ನು (ಯೇಸುವಿನ ಚರಿತ್ರೆಯ ಭಾಗ) ಎರಡು ಸಲ ಓದಲು ಐದು ನಿಮಿಷ, ಕಣ್ಣು ಮುಚ್ಚಿ ಕೂರಲು ಐದು, ಒಂದೆರಡು ಸಾಲು ಬರೆಯಲು ಐದು. ರಾತ್ರಿ ಮಲಗುವ ಮೊದಲು ದಿನವನ್ನು ಹಿಂದಕ್ಕೆ ನೋಡುವುದು: ಇವತ್ತು ಮನಸ್ಸು ಹಗುರಾಗಿದ್ದು ಯಾವಾಗ, ಭಾರವಾಗಿದ್ದು ಯಾವಾಗ, ಯಾರಿಗೆ ನೋವು ಮಾಡಿದೆ, ನಾಳೆಗೆ ಏನು ಬೇಡಲಿ. ಯೇಸು ಸಭೆಯ ಸ್ಥಾಪಕ ಸಂತ ಇಗ್ನೇಶಿಯಸರು ಕಲಿಸಿದ ಈ ಪದ್ಧತಿ ಐದು ಶತಮಾನದಷ್ಟು ಹಳೆಯದು. ನಲವತ್ತು ಪುಟದ ನೋಟುಬುಕ್ಕು ಒಂದು ಸಾಕು. ಅದನ್ನು ನಿಮಗೆ ತೋರಿಸಬೇಕಾಗಿಲ್ಲ ಎಂದು ಮೊದಲೇ ಹೇಳಿ. ಭೇಟಿಗೆ ಬರುವಾಗ ಅವನೇ ಅದರಿಂದ ಬೇಕಾದ್ದನ್ನು ಓದಲಿ.

ಹಾಸ್ಟೆಲಿನಲ್ಲಿರುವವರು ಜಾಗ ಇಲ್ಲ ಎನ್ನುತ್ತಾರೆ, ಅದು ನಿಜ. ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಓದಬಹುದು, ಕಾರವಾರದವರು ಸಂಜೆ ಕಡಲ ದಂಡೆಯಲ್ಲಿ ನಡೆಯುತ್ತಾ ರಾತ್ರಿಯ ಭಾಗವನ್ನು ಮಾಡಬಹುದು. ಹೊತ್ತು ಮಾತ್ರ ದಿನವೂ ಒಂದೇ ಇರಲಿ. ಮೂರು ವಾರದಲ್ಲಿ ಬಿಟ್ಟುಬಿಡುವುದು ಸಾಮಾನ್ಯ. ಬೈಯಬೇಡಿ, ಮತ್ತೆ ಐದು ನಿಮಿಷದಿಂದ ಶುರುಮಾಡಲು ಹೇಳಿ.

ಕೆಲಸವನ್ನು ಹತ್ತಿರದಿಂದ ನೋಡಿಸುವುದು

ಇಡೀ ವರ್ಷದಲ್ಲಿ ಮುಖ್ಯವಾದದ್ದು ಇದು. ಪೀಠದ ಮೇಲೆ ಕಾಣುವ ಪಾದ್ರಿಯನ್ನು ಹುಡುಗ ಚಿಕ್ಕಂದಿನಿಂದ ನೋಡಿದ್ದಾನೆ. ಉಳಿದ ಇಪ್ಪತ್ತಮೂರು ಗಂಟೆಯನ್ನು ನೋಡಿಲ್ಲ. ವರ್ಷದಲ್ಲಿ ನಾಲ್ಕು ಸಂದರ್ಭ ಏರ್ಪಾಡು ಮಾಡಿ: ಕಾಯಿಲೆಯವರ ಮನೆಗೆ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಂಡ ರೊಟ್ಟಿ) ಒಯ್ಯುವುದು, ಒಂದು ಸಾವಿನ ಮನೆ, ಇಗರ್ಜಿಯ ಆಫೀಸಿನಲ್ಲಿ ಒಂದು ಬೆಳಿಗ್ಗೆ, ಪಾದ್ರಿಗಳ ಮನೆಯಲ್ಲಿ ಒಂದು ಭಾನುವಾರ ರಾತ್ರಿ.

ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ ಪೂಜೆ ಮುಗಿದ ಕೂಡಲೇ ಪಾದ್ರಿಗಳು ಪರಮಪ್ರಸಾದದ ಪುಟ್ಟ ಡಬ್ಬಿಯನ್ನು ಎದೆಯ ಜೇಬಿನಲ್ಲಿಟ್ಟು ಬೈಕು ಹತ್ತುತ್ತಾರೆ. ಹುಡುಗ ಹಿಂದೆ ಕೂರಲಿ. ದಾರಿಯಲ್ಲಿ ಮಾತು ಬೇಡ. ಮನೆಯಲ್ಲಿ ಮಂಚದ ಪಕ್ಕ ಸ್ಟೂಲಿನ ಮೇಲೆ ಬಿಳಿ ಬಟ್ಟೆ, ಶಿಲುಬೆ, ಮೇಣದ ಬತ್ತಿ, ಲೋಟದಲ್ಲಿ ನೀರು ಇಟ್ಟಿರುತ್ತಾರೆ. ಬತ್ತಿ ಹಚ್ಚುವುದು ಹುಡುಗನ ಕೆಲಸ. ಅಜ್ಜಿಗೆ ನುಂಗಲು ಆಗುವುದಿಲ್ಲ, ಉಗುರಿನಷ್ಟು ಚೂರನ್ನು ಚಮಚದ ನೀರಿನಲ್ಲಿ ಕೊಡಬೇಕು, ಗಂಟಲಿಗೆ ಇಳಿಯಿತೇ ಎಂದು ಕಾದು ನೋಡಬೇಕು. ಪ್ರಾರ್ಥನೆ ಮುಗಿದದ್ದೇ ಅಜ್ಜಿ ಸೊಸೆಯ ದೂರು ತೆಗೆಯುತ್ತಾಳೆ, ಸೊಸೆ ಬಾಗಿಲಲ್ಲೇ ನಿಂತು ಕೇಳುತ್ತಿರುತ್ತಾಳೆ. ಇನ್ನೂ ಆರು ಮನೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಕಾಯುವವರಿದ್ದಾರೆ. ಪಾದ್ರಿಗಳು ಅಲ್ಲಿ ಏನು ಹೇಳಿದರು, ಏನು ಹೇಳದೆ ಬಿಟ್ಟರು, ಯಾವಾಗ ಎದ್ದರು ಎಂಬುದನ್ನು ಹುಡುಗ ಗಮನಿಸಲಿ. ವಾಪಸು ಬಂದ ಮೇಲೆ ಒಂದೇ ಪ್ರಶ್ನೆ ಕೇಳಿ: "ಆ ಕೋಣೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಇರಬೇಕು ಅನಿಸ್ತಾ, ಬೇಗ ಹೊರಗೆ ಬರಬೇಕು ಅನಿಸ್ತಾ?" ಎರಡರಲ್ಲಿ ಯಾವುದೂ ತಪ್ಪಲ್ಲ. ಆದರೆ ಇದರ ಉತ್ತರ ಹತ್ತು ಪ್ರಸಂಗ ಹೇಳದ್ದನ್ನು ಹೇಳುತ್ತದೆ.

ಆಫೀಸಿನ ಬೆಳಿಗ್ಗೆ ಎಂದರೆ ರಿಜಿಸ್ಟರು, ಮದುವೆಯ ಚೀಟಿ, ಸ್ಮಶಾನದ ಜಾಗದ ತಕರಾರು, ಶಾಲೆಯ ಛಾವಣಿ ಸೋರುವ ಲೆಕ್ಕ. ಪ್ರಾರ್ಥನೆಯೇ ಜೀವನ ಎಂದುಕೊಂಡ ಮಕ್ಕಳಿಗೆ ಇದು ಬೇಸರ ತರಿಸುತ್ತದೆ. ಆ ಬೇಸರ ಈಗಲೇ ಬರುವುದು ಒಳ್ಳೆಯದು.

ಭಾನುವಾರ ರಾತ್ರಿಯನ್ನು ಯಾರೂ ತೋರಿಸುವುದಿಲ್ಲ, ಅದಕ್ಕೇ ತೋರಿಸಬೇಕು. ಬೆಳಿಗ್ಗೆ ಮುನ್ನೂರು ಜನರ ನಡುವೆ ಇದ್ದವರು ರಾತ್ರಿ ಎಂಟಕ್ಕೆ ಒಬ್ಬರೇ ಕೂತು ಗಂಜಿ, ಮೀನಸಾರು ಊಟ ಮಾಡುತ್ತಾರೆ. ಹೊರಗೆ ಮಳೆ, ಕರೆಂಟು ಇಲ್ಲ. ಬ್ರಹ್ಮಚರ್ಯದ ಬಗ್ಗೆ ಮಾತಾಡಬೇಕಾದ ಹೊತ್ತು ಅದು. ಹೆಂಡತಿ ಮಕ್ಕಳು ಬೇಕು ಅನಿಸುವುದೇ ತಪ್ಪು ಎಂಬಂತೆ ಮಾತಾಡಬೇಡಿ. ಹಾಗೆ ಅನಿಸದವನನ್ನು ಕಂಡರೆ ಸೆಮಿನರಿಯವರೇ ಚಿಂತೆ ಮಾಡುತ್ತಾರೆ. ಒಂಟಿತನವನ್ನು ಹೇಗೆ ನಿಭಾಯಿಸುತ್ತೀರಿ ಎಂದು ಹುಡುಗನೇ ಪಾದ್ರಿಗಳನ್ನು ಕೇಳಲಿ. ಪ್ರಾಮಾಣಿಕವಾಗಿ ಉತ್ತರಿಸುವ ಪಾದ್ರಿಗಳ ಮನೆಯನ್ನೇ ಇದಕ್ಕೆ ಆರಿಸಿ. ಹುಡುಗಿಯರಿಗೆ ಕಾನ್ವೆಂಟಿನಲ್ಲಿ ಎರಡು ರಾತ್ರಿ ಇರುವ ಏರ್ಪಾಡಾಗಲಿ. ಅತಿಥಿಯ ಹಾಗೆ ಇರುವುದು ಬೇಡ, ಅಡಿಗೆ ಮನೆ, ಬೋರ್ಡಿಂಗ್ ಮಕ್ಕಳ ಜಡೆ, ಐದು ಗಂಟೆಯ ಗಂಟೆ ಎಲ್ಲದರಲ್ಲೂ ಸೇರಲಿ. ಒಂದೇ ಮನೆಯಲ್ಲಿ ಆರು ಹೆಂಗಸರು ಕೂಡಿ ಬಾಳುವುದರ ಕಷ್ಟ ಸುಖ ಎರಡು ರಾತ್ರಿಯಲ್ಲೇ ಸಾಕಷ್ಟು ಕಾಣುತ್ತದೆ.

ಶಿಬಿರ: ಯಾವಾಗ, ಎಲ್ಲಿ, ಎಷ್ಟು ಜನ

ಹನ್ನೆರಡರಿಂದ ಹದಿನೈದು ಜನ, ಅದಕ್ಕಿಂತ ಹೆಚ್ಚು ಬೇಡ. ಮೂವತ್ತು ದಾಟಿದರೆ ಅದು ಯುವಕರ ಮೇಳವಾಗುತ್ತದೆ, ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂರಲು ಆಗುವುದಿಲ್ಲ. ಶನಿವಾರ ಮಧ್ಯಾಹ್ನ ಎರಡಕ್ಕೆ ಶುರು, ಭಾನುವಾರ ಮೂರಕ್ಕೆ ಮುಕ್ತಾಯ. ಮೂರು ಗಂಟೆ ದಾಟಿಸಿದರೆ ಘಟ್ಟದ ಮೇಲಿನವರಿಗೆ ಕಡೆಯ ಹಳ್ಳಿ ಬಸ್ಸು ತಪ್ಪುತ್ತದೆ, ಮುಂದಿನ ಸಲ ಮನೆಯವರು ಕಳಿಸುವುದಿಲ್ಲ. ಕರಾವಳಿಯವರಿಗೂ ಶಿರಸಿ, ಸಿದ್ದಾಪುರದವರಿಗೂ ಅನುಕೂಲದ ಜಾಗ ಕುಮಟಾ ಇಲ್ಲವೆ ಹೊನ್ನಾವರದ ಸುತ್ತ. ಅಕ್ಕಿ ಹೊತ್ತಿಗೆ ಎರಡು ಕಿಲೋ ಇಟ್ಟುಕೊಂಡರೆ ಹದಿನೈದು ಜನಕ್ಕೆ ಸಾಕು. ಅಡಿಗೆಗೆ ಸಹಾಯ ಮಾಡುವುದೂ ಪಾತ್ರೆ ತೊಳೆಯುವುದೂ ಮಕ್ಕಳ ಪಾಲಿಗಿರಲಿ. ಯಾರು ಹೇಗೆ ಎಂದು ತಿಳಿಯುವುದು ಚರ್ಚೆಯಲ್ಲಿ ಅಲ್ಲ, ಪಾತ್ರೆಯ ಮುಂದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟ ಹತ್ತಿ ಇಳಿಯುವ ಶಿಬಿರ ಇಡಬೇಡಿ. ದೇವಿಮನೆ, ಅರಬೈಲು ಘಟ್ಟಗಳ ಪಾಡು ಎಲ್ಲರಿಗೂ ಗೊತ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕರಾವಳಿಯ ಹೆದ್ದಾರಿಯೇ ದಿನಗಟ್ಟಲೆ ಬಂದಾಗಿತ್ತು. ನವೆಂಬರ್ ಕೊನೆಯಿಂದ ಸೆಮಿಸ್ಟರ್ ಪರೀಕ್ಷೆಯ ಗಡಿಬಿಡಿ. ಕರ್ನಾಟಕ ವಿಶ್ವವಿದ್ಯಾಲಯದ ವೇಳಾಪಟ್ಟಿ ನೋಡದೆ ದಿನ ಇಟ್ಟರೆ ಅರ್ಧ ಜನ ಬರುವುದಿಲ್ಲ. ಅಡಿಕೆ ಕೊನೆಕೊಯ್ಲಿನ ತಿಂಗಳುಗಳಲ್ಲಿ ಶಿರಸಿ ಕಡೆಯ ಕೂಲಿ ಮನೆಗಳ ಮಕ್ಕಳಿಗೆ ರಜೆ ಎಂದರೆ ದುಡಿಮೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೊತ್ತಿನಲ್ಲಿ ಶಿರಸಿಯಲ್ಲಿ ಬಸ್ಸಿಗೂ ಕೋಣೆಗೂ ಜಾಗ ಸಿಗದು. ಅಕ್ಟೋಬರ್‌ನ ಎರಡನೇ ವಾರ, ಫೆಬ್ರುವರಿಯ ಮೊದಲ ವಾರ ಒಳ್ಳೆಯದು.

ಮನೆ

ಮೀನುಗಾರರ ಮನೆಗಳಿಗೆ ಹೋಗಲು ಜೂನ್, ಜುಲೈ ಸರಿಯಾದ ಕಾಲ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇರುವುದರಿಂದ ಅಪ್ಪ ಮನೆಯಲ್ಲಿ ಸಿಗುತ್ತಾನೆ. ಆಗಸ್ಟ್‌ನಲ್ಲಿ ಹೋದರೆ ತಾಯಿಯ ಜೊತೆ ಮಾತ್ರ ಮಾತಾಗಿ, ಆಮೇಲೆ ಅಪ್ಪ "ನನ್ನನ್ನು ಯಾರು ಕೇಳಿದರು" ಎನ್ನುತ್ತಾನೆ. ಮಗ ಹೇಳುವ ಮೊದಲು ನೀವು ಮನೆಗೆ ಹೋಗಬೇಡಿ. ಅವನೇ ಹೇಳಲಿ, ಹದಿನೈದು ದಿನ ಕಳೆಯಲಿ, ಕರೆದ ಮೇಲೆ ಹೋಗಿ.

ಮೂರು ತರದ ಮನೆ ಕಾಣುತ್ತದೆ. ಒಂದು, ಬೇಡವೇ ಬೇಡ ಎನ್ನುವ ಮನೆ: ಒಬ್ಬನೇ ಮಗ, ತಂಗಿಯ ಮದುವೆ ಆಗಬೇಕು, ಡಿಗ್ರಿಗೆ ಮಾಡಿದ ಸಾಲ ಇದೆ. ಇವು ಭಕ್ತಿ ಕಡಿಮೆ ಇರುವುದರಿಂದ ಬಂದ ಮಾತುಗಳಲ್ಲ, ಲೆಕ್ಕದ ಮಾತುಗಳು. ಲೆಕ್ಕ ಮಾಡಿಯೇ ಉತ್ತರಿಸಬೇಕು. ತೀರಿಸಲಾಗದ ಸಾಲ ಇರುವವರನ್ನು ನೊವಿಶಿಯೇಟ್‌ಗೆ ಸೇರಿಸಿಕೊಳ್ಳಬಾರದು ಎಂದು ಧರ್ಮಸಭೆಯ ಕಾನೂನಿನ 644ನೇ ಕಲಮೇ ಹೇಳುತ್ತದೆ. ಎಜುಕೇಶನ್ ಲೋನ್ ಇದ್ದರೆ ಎರಡು ವರ್ಷ ಕೆಲಸ ಮಾಡಿ ತೀರಿಸಿ ಬರಲಿ. ಅಷ್ಟರಲ್ಲಿ ಆರಿಹೋಗುವ ಕರೆಯಾದರೆ ಸೆಮಿನರಿಯಲ್ಲೂ ಆರಿಹೋಗುತ್ತಿತ್ತು.

ಎರಡನೆಯದು, ಯಾವ ಕಷ್ಟವೂ ಹೇಳದೆ ಖುಷಿಪಡುವ ಮನೆ. ಅಲ್ಲಿ ಮಗ ಒಳಗೊಳಗೆ ಏನು ಹೇಳುತ್ತಾನೆ ಎಂದು ಬೇರೆಯಾಗಿ ಕೇಳಿ.

ಮೂರನೆಯದು ಹರಕೆಯ ಮನೆ. ಮಗು ಚಿಕ್ಕದಿದ್ದಾಗ ಜ್ವರ ಬಂದು ಉಳಿಯುವ ಆಸೆ ಇರಲಿಲ್ಲ, ಡಿಸೆಂಬರ್ 3ರಂದು ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಹೋಗಿ ತಾಯಿ ಹರಕೆ ಹೊತ್ತಳು: ಉಳಿದರೆ ಇವನನ್ನು ದೇವರಿಗೇ ಕೊಡುತ್ತೇನೆ ಎಂದು. ಇಪ್ಪತ್ತು ವರ್ಷ ಅದನ್ನು ಕೇಳುತ್ತಾ ಬೆಳೆದ ಹುಡುಗನಿಗೆ ಕರೆ ದೇವರದೋ ಅಮ್ಮನದೋ ಎಂದು ತಿಳಿಯುವುದಿಲ್ಲ. ಇಲ್ಲಿ ತುಂಬ ಮೃದುವಾಗಿ, ಆದರೆ ಸ್ಪಷ್ಟವಾಗಿ ಹೇಳಬೇಕು. ಹರಕೆ ಹೊತ್ತವರನ್ನಷ್ಟೇ ಅದು ಕಟ್ಟುತ್ತದೆ, ಬೇರೆಯವರನ್ನಲ್ಲ (ಕಲಮು 1193). ಒತ್ತಾಯದಿಂದ ಯಾರನ್ನೂ ದೀಕ್ಷೆಗೆ ದೂಡುವಂತಿಲ್ಲ (ಕಲಮು 1026). ತಾಯಿಯ ಮನಸ್ಸಿಗೆ ಭಾರವಾಗಿದ್ದರೆ ಧರ್ಮಕೇಂದ್ರದ ಪಾದ್ರಿಗಳೇ ಸಕಾರಣವಿದ್ದಲ್ಲಿ ಆ ಖಾಸಗಿ ಹರಕೆಯಿಂದ ಅವಳನ್ನು ಬಿಡುಗಡೆ ಮಾಡಬಹುದು. ಇದನ್ನು ಪಾದ್ರಿಗಳ ಬಾಯಿಂದಲೇ ತಾಯಿಗೆ ಕೇಳಿಸಿ, ಮಗನ ಎದುರಿಗೇ. ಬಿಡುಗಡೆ ಸಿಕ್ಕ ಮೇಲೂ ಹುಡುಗನಿಗೆ ಹೋಗಬೇಕು ಅನಿಸಿದರೆ ಆಗ ಅದು ಅವನದೇ ಮಾತು.

ಯಾವಾಗ ನಿಲ್ಲಿಸಿ ಕಾಯಬೇಕು

ಪ್ರೀತಿ ಮುರಿದು ಆರು ತಿಂಗಳಾಗಿಲ್ಲ, ಮೂರು ವಿಷಯ ಬಾಕಿ ಉಳಿದಿವೆ, ಮನೆಯಲ್ಲಿ ಅಪ್ಪನ ಕುಡಿತ, ಇಲ್ಲಿಂದ ಹೊರಗೆ ಹೋದರೆ ಸಾಕು ಎನ್ನುವ ಸ್ಥಿತಿ. ಇಂಥ ಹೊತ್ತಿನಲ್ಲಿ ಸೆಮಿನರಿಯ ಬಾಗಿಲು ಬಿಡುಗಡೆಯ ಬಾಗಿಲಿನಂತೆ ಕಾಣುತ್ತದೆ. ಕರೆ ಸುಳ್ಳು ಎಂದು ಹೇಳಬೇಡಿ, ದೇವರು ನೋವಿನೊಳಗಿಂದಲೂ ಕರೆಯುತ್ತಾನೆ. ಒಂದು ವರ್ಷ ಕಾಯೋಣ, ಅಷ್ಟರಲ್ಲಿ ಬಾಕಿ ವಿಷಯ ಪಾಸು ಮಾಡು ಎನ್ನಿ. ಊಟ ನಿದ್ದೆ ಬಿಟ್ಟು ದಿನಗಟ್ಟಲೆ ಉಪವಾಸ, ರಾತ್ರಿಯೆಲ್ಲ ದನಿ ಕೇಳಿಸುವುದು, ಬದುಕು ಬೇಡ ಎನ್ನುವ ಮಾತು ಕಂಡರೆ ಮೊದಲು ವೈದ್ಯರ ಹತ್ತಿರ. ಪ್ರಾರ್ಥನೆಯಿಂದ ಸರಿಹೋಗುತ್ತದೆ ಎಂದು ದಿನ ತಳ್ಳಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ ಸಂಖ್ಯೆ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಇಂಗ್ಲಿಷಿನ ಭಯವನ್ನೂ ಹಗುರವಾಗಿ ಎಣಿಸಬೇಡಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಮಂಗಳೂರಿನ ಜೆಪ್ಪುವಿನಲ್ಲಿ 1879ರಿಂದ ನಡೆದಿರುವ ಗುರುಮಠವಿರಲಿ, ಬೆಂಗಳೂರಿನ ಸಂತ ಪೇತ್ರರ ಗುರುಮಠವಿರಲಿ, ಪಾಠ ಇಂಗ್ಲಿಷಿನಲ್ಲಿ. ತತ್ವಶಾಸ್ತ್ರದ ಮೊದಲ ವರ್ಷ ಕನ್ನಡ ಮಾಧ್ಯಮದ ಮಕ್ಕಳು ತಾವು ದಡ್ಡರು, ಕರೆಯೇ ಇರಲಿಲ್ಲ ಎಂದುಕೊಂಡು ಹೊರಟು ಬರುವುದುಂಟು. ಕರೆಗೂ ವ್ಯಾಕರಣಕ್ಕೂ ಸಂಬಂಧವಿಲ್ಲ. ಡಿಗ್ರಿಯ ಕಡೆಯ ವರ್ಷದಲ್ಲೇ ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿಸಿ.

ಕಾಗದಪತ್ರ

ಜ್ಞಾನಸ್ನಾನ, ದೃಢೀಕರಣ ಸಂಸ್ಕಾರಗಳ ಪತ್ರಗಳು ಹೊಸದಾಗಿ ಬರೆಸಿದ್ದಿರಬೇಕು. ಜೊತೆಗೆ ತಂದೆತಾಯಿಯ ಇಗರ್ಜಿ ಮದುವೆಯ ಪತ್ರ, ಪಾದ್ರಿಗಳ ಪತ್ರ, ಅಂಕಪಟ್ಟಿಗಳು, ವೈದ್ಯಕೀಯ ವರದಿ. ಆರು ತಿಂಗಳ ಮೊದಲೇ ಶುರು ಮಾಡಿ. ತೊಂದರೆ ಬರುವುದು ಯಾವಾಗಲೂ ಹೆಸರಿನಲ್ಲಿ: ರಿಜಿಸ್ಟರಿನಲ್ಲಿ ಇನಾಸ್, ಎಸ್ಸೆಸ್ಸೆಲ್ಸಿಯಲ್ಲಿ ಇಗ್ನೇಶಿಯಸ್, ಆಧಾರಿನಲ್ಲಿ ಮೂರನೆಯದೇ ಒಂದು. ತಾಯಿ ಬಾಣಂತನಕ್ಕೆ ತವರಿಗೆ ಹೋಗಿದ್ದರೆ ಜ್ಞಾನಸ್ನಾನ ಗೋವಾದಲ್ಲೋ ಮುಂಬಯಿಯಲ್ಲೋ ಆಗಿರುತ್ತದೆ. ಆ ಇಗರ್ಜಿಗೆ ಬರೆದು ತರಿಸಲು ಎರಡು ತಿಂಗಳು ಹಿಡಿದರೂ ಹಿಡಿಯಿತು.

ತೀರ್ಮಾನದ ಹೊತ್ತು

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಹಾಕಿಸಿ: ಹೋದರೆ ಒಳಿತು, ಹೋದರೆ ಕೆಡುಕು, ಹೋಗದಿದ್ದರೆ ಒಳಿತು, ಹೋಗದಿದ್ದರೆ ಕೆಡುಕು. ಎರಡೇ ಅಂಕಣ ಬರೆಸುವವರಿದ್ದಾರೆ, ಆಗ ಹೋಗದೆ ಉಳಿಯುವ ಬದುಕು ಖಾಲಿ ಜಾಗದ ಹಾಗೆ ಕಾಣುತ್ತದೆ. ಮದುವೆ, ಕೆಲಸ, ಇಗರ್ಜಿಯ ಉಪದೇಶಿಯಾಗಿ ಸೇವೆ ಇವೆಲ್ಲವೂ ತುಂಬಿದ ಬದುಕೇ, ಅದನ್ನೂ ಅಷ್ಟೇ ವಿವರವಾಗಿ ಬರೆಯಲಿ. ಆಮೇಲೆ ಇಗ್ನೇಶಿಯಸರ ಇನ್ನೊಂದು ಪ್ರಶ್ನೆ: ಗುರುತೇ ಇಲ್ಲದ ಒಬ್ಬ ಹುಡುಗ ಇದೇ ಹಾಳೆ ಹಿಡಿದು ಬಂದರೆ ನೀನು ಏನು ಹೇಳುತ್ತೀಯ? ಹಾಳೆಯನ್ನು ಒಂದು ತಿಂಗಳು ಎತ್ತಿಟ್ಟು ಮತ್ತೆ ಓದಲಿ. ಮನಸ್ಸು ಬರಡಾಗಿ ಪ್ರಾರ್ಥನೆ ರುಚಿಸದ ದಿನಗಳಲ್ಲಿ ಮೊದಲು ಮಾಡಿದ ತೀರ್ಮಾನವನ್ನು ಬದಲಿಸಬಾರದು ಎಂಬುದೂ ಅವರದೇ ನಿಯಮ. ಪರೀಕ್ಷೆಯ ಹಿಂದಿನ ವಾರ ಬಂದು "ಬೇಡ ಅನಿಸ್ತದೆ" ಎಂದರೆ, ಪರೀಕ್ಷೆ ಮುಗಿದ ಮೇಲೆ ಮಾತಾಡೋಣ ಎನ್ನಿ.

ಒಂದೇ ಸಲ ಎಲ್ಲವೂ ತಿಳಿಯಬೇಕೆಂದಿಲ್ಲ. ಸಂತ ಜೋಸೆಫ್ ವಾಜ್ 1676ರಲ್ಲಿ ಗೋವಾದಲ್ಲಿ ಪಾದ್ರಿಯಾದರು, 1681ರಿಂದ ಮೂರು ವರ್ಷ ನಮ್ಮ ಕೆನರಾ ಸೀಮೆಯಲ್ಲಿ ದುಡಿದರು, 1685ರಲ್ಲಿ ಗೋವೆಯ ಪಾದ್ರಿಗಳ ಸಣ್ಣ ಕೂಟವೊಂದನ್ನು ಸೇರಿದರು, ಅವರ ಹೆಸರನ್ನು ಇಂದಿಗೂ ನೆನೆಯುವ ಸಿಲೋನಿಗೆ (ಶ್ರೀಲಂಕಾ) ತಲುಪಿದ್ದು 1687ರಲ್ಲಿ. ಮೂವತ್ತಾರರ ವಯಸ್ಸಿನಲ್ಲೂ ಅವರ ಕರೆ ಇನ್ನೂ ಬಿಡಿಸಿಕೊಳ್ಳುತ್ತಿತ್ತು.

ಹೌದು ಎಂದವನನ್ನು ಪಾದ್ರಿಗಳ ಕೈಗೆ ಒಪ್ಪಿಸಿ ನೀವು ಹಿಂದೆ ಸರಿಯಿರಿ. ಇಲ್ಲ ಎಂದವನ ಬಗ್ಗೆ ಹೆಚ್ಚು ಎಚ್ಚರ ಬೇಕು. ಒಂದು ವರ್ಷ ಜೊತೆಗೆ ನಡೆದು ಕೊನೆಗೆ ಇಲ್ಲ ಎಂದಾಗ ನಿಮಗೆ ನಿರಾಸೆ ಮಾಡಿದೆನೆಂದು ಅವನು ಇಗರ್ಜಿಗೇ ಬರುವುದನ್ನು ಬಿಡಬಹುದು. ಅದೇ ವಾರದಲ್ಲಿ ನೀವಾಗಿ ಫೋನ್ ಮಾಡಿ. ವಿಷಯ ಎತ್ತಬೇಡಿ, ಭಾನುವಾರದ ಓದಿಗೋ ಕೊಯರಿಗೋ ಬಾ ಎಂದು ಅವನ ಹಳೆಯ ಜಾಗಕ್ಕೆ ಕರೆಯಿರಿ. ಊರವರು ಕೇಳಿದರೆ ಉತ್ತರ ನೀವು ಕೊಡಿ, ಅವನ ಮೇಲೆ ಬಿಡಬೇಡಿ: "ಯೋಚನೆ ಮಾಡಿದ, ಬೇರೆ ದಾರಿ ಸಿಕ್ಕಿತು."